ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ: ಕಾರಿನ ಕೂಲಿಂಗ್ ಸಿಸ್ಟಮ್ ಮನೆಯಲ್ಲೇ ತೊಳೆಯುವುದು ಹೇಗೆ?

ಚಿತ್ರದುರ್ಗ: ಬಿಸಿಲು ಏರಿದಂತೆ ಹೆದ್ದಾರಿ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳು ಜಾಸ್ತಿಯಾಗುತ್ತವೆ. ಇಂಜಿನ್‌ನಿಂದ ಉಗಿ ಬರುತ್ತಿರುತ್ತದೆ, ಡ್ರೈವರ್ ಹತ್ತಿರದ ಹೋಟೆಲಿನಿಂದಲೋ ತೋಟದ ತೊಟ್ಟಿಯಿಂದಲೋ ಒಂದು ಬಾಟಲಿ ನೀರು ತಂದು ಸುರಿಯುತ್ತಾನೆ, ಗಾಡಿ ಹೊರಡುತ್ತದೆ. ಓಡ್ತಾ ಇದೆಯಲ್ಲ ಎಂದು ಆಮೇಲೆ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಹಾಗೆ ಸುರಿದ ಬೋರ್‌ವೆಲ್ ನೀರು ರೇಡಿಯೇಟರ್ ಒಳಗೆ ತಿಂಗಳುಗಟ್ಟಲೆ ಕೂತು ಮಾಡುವ ಕೆಲಸ ಮಾತ್ರ ಮುಂದಿನ ಬೇಸಿಗೆಯಲ್ಲೋ, ಧರ್ಮಸ್ಥಳಕ್ಕೆ ಹೊರಟಾಗ ಚಾರ್ಮಾಡಿ ಘಾಟಿಯ ತಿರುವಿನಲ್ಲೋ ಗೊತ್ತಾಗುತ್ತದೆ.

ಕೂಲಿಂಗ್ ಸಿಸ್ಟಮ್ ಅನ್ನು ಮನೆಯಲ್ಲೇ ಖಾಲಿ ಮಾಡಿ, ತೊಳೆದು, ಹೊಸ ಕೂಲಂಟ್ ತುಂಬಿಸುವುದು ಕಷ್ಟದ ಕೆಲಸವಲ್ಲ. ಅರ್ಧ ದಿನ ಬಿಡುವು, ಸ್ವಲ್ಪ ತಾಳ್ಮೆ ಸಾಕು. ಆದರೆ ಯಾವ ನೀರು, ಎಷ್ಟು ಕೂಲಂಟ್, ಯಾವಾಗ ಮುಚ್ಚಳ ತೆಗೆಯಬೇಕು ಎಂಬ ಮೂರು ವಿಷಯದಲ್ಲಿ ತಪ್ಪಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ, ಕೆಲವೊಮ್ಮೆ ಅಪಾಯ ಕೂಡ.

ನೀರಿನಲ್ಲಿ ಏನಿದೆ?

ಜಿಲ್ಲೆಯ ಹೆಚ್ಚಿನ ಹಳ್ಳಿ, ಬಡಾವಣೆಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರು. ಅದರಲ್ಲಿ ಬೇಳೆ ಬೇಗ ಬೇಯಲ್ಲ, ಸೋಪು ಸರಿಯಾಗಿ ನೊರೆ ಕೊಡಲ್ಲ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ಗಡಸು ನೀರು ಅದು. ಕಾಯಿಸಿದಾಗ ಲವಣ ಬೇರ್ಪಟ್ಟು ಸುಣ್ಣದ ಕಲ್ಲಿನ ಹಾಗೆ ಅಂಟಿಕೊಳ್ಳುತ್ತದೆ. ಹಂಡೆಯಲ್ಲಿ ಆಗುವುದೇ ಇಂಜಿನ್ ಒಳಗೂ ಆಗುತ್ತದೆ. ವ್ಯತ್ಯಾಸ ಇಷ್ಟೇ: ಹಂಡೆಯನ್ನು ಉಜ್ಜಬಹುದು, ರೇಡಿಯೇಟರ್‌ನ ಸಪೂರ ಕೊಳವೆಗಳೊಳಗೆ ಕೈ ಹೋಗುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. 600 ಇರುವ ನೀರನ್ನೇ ದಿನಕ್ಕೆ ಅರ್ಧ ಲೀಟರಿನಂತೆ ಲೀಕ್ ಆಗುವ ರೇಡಿಯೇಟರ್‌ಗೆ ಸುರಿಯುತ್ತಾ ಹೋದರೆ ವರ್ಷಕ್ಕೆ 180 ಲೀಟರ್ ಮೇಲಾಯಿತು. ಅಂದರೆ 100 ಗ್ರಾಂಗಿಂತ ಹೆಚ್ಚು ಸುಣ್ಣದಂಶ ಒಳಗೆ ಹೋಯಿತು. ನೀರು ಸೋರಿ ಹೋದರೆ ಅದರ ಜತೆ ಒಂದಷ್ಟು ಹೊರಗೆ ಹೋದೀತು, ಉಗಿಯಾಗಿ ಹೋದರೆ ಎಲ್ಲವೂ ಒಳಗೇ ಉಳಿಯುತ್ತದೆ. ಇದರ ಮೇಲೆ ನೀರಿನಲ್ಲಿರುವ ಕ್ಲೋರೈಡ್ ಬೇರೆ. ಈಗಿನ ಕಾರುಗಳ ರೇಡಿಯೇಟರ್, ಸಿಲಿಂಡರ್ ಹೆಡ್ ಎರಡೂ ಅಲ್ಯೂಮಿನಿಯಂ. ಉಪ್ಪಿನ ನೀರು ಅದನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ.

ಹಾಗಾದರೆ ಯಾವ ನೀರು? ಬ್ಯಾಟರಿ ಅಂಗಡಿಗಳಲ್ಲಿ ಕ್ಯಾನ್‌ಗಟ್ಟಲೆ ಸಿಗುವ ಡಿಸ್ಟಿಲ್ಡ್ ವಾಟರ್, ಜನ ಬ್ಯಾಟರಿ ನೀರು ಎಂದು ಕರೆಯುವುದು, ಇದಕ್ಕೆ ಸರಿ. ಬ್ಯಾಟರಿ ಆಸಿಡ್ ಬೇರೆ, ಅದರ ಕ್ಯಾನ್ ತಂದುಬಿಟ್ಟೀರಿ, ಅಂಗಡಿಯಲ್ಲೇ ಲೇಬಲ್ ಓದಿ ನೋಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರಿನಲ್ಲಿ ಸ್ವಲ್ಪ ಲವಣ ಉಳಿದಿರುತ್ತದೆ. ಒಳಗೆ ತೊಳೆಯಲು ಅದನ್ನು ಧಾರಾಳವಾಗಿ ಬಳಸಬಹುದು, ಖರ್ಚೂ ಕಡಿಮೆ. ಕೊನೆಯ ಒಂದು ಸಲದ ತೊಳೆತಕ್ಕೆ ಮತ್ತು ಕೂಲಂಟ್ ಜತೆ ಬೆರೆಸಲು ಮಾತ್ರ ಡಿಸ್ಟಿಲ್ಡ್ ವಾಟರ್ ಇಟ್ಟುಕೊಳ್ಳಿ. ಮನೆಯಲ್ಲಿ ವಾಟರ್ ಸಾಫ್ಟನರ್ ಹಾಕಿಸಿಕೊಂಡವರು ಆ ನೀರು ಆಗುತ್ತಲ್ಲ ಅಂದುಕೊಳ್ಳಬಹುದು. ಆಗಲ್ಲ. ಸಾಫ್ಟನರ್ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ತರುತ್ತದೆ, ಕ್ಲೋರೈಡ್ ಹಾಗೇ ಇರುತ್ತದೆ.

ಒಳಗಿನ ವ್ಯವಸ್ಥೆ

ಇಂಜಿನ್ ಸುತ್ತ ಸುತ್ತಿ ಬಿಸಿಯಾದ ಕೂಲಂಟನ್ನು ವಾಟರ್ ಪಂಪ್ ತಳ್ಳುತ್ತದೆ. ಅದು ರೇಡಿಯೇಟರ್‌ಗೆ ಬಂದು ಗಾಳಿಗೆ ತಣ್ಣಗಾಗಿ ಮತ್ತೆ ಇಂಜಿನ್‌ಗೆ ಹೋಗುತ್ತದೆ. ಇವೆರಡರ ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು. ಹೆಚ್ಚಿನ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ. ಅಲ್ಲಿಯವರೆಗೆ ರೇಡಿಯೇಟರ್‌ಗೆ ಬಿಸಿ ನೀರು ಹೋಗುವುದಿಲ್ಲ. ಮನೆಯಲ್ಲಿ ತೊಳೆಯುವವರು ಮರೆಯುವ ವಿಷಯ ಇದೇ. ಇಂಜಿನ್ ಎರಡು ನಿಮಿಷ ಓಡಿಸಿ ನೀರು ಬಿಟ್ಟರೆ ರೇಡಿಯೇಟರ್ ಮಾತ್ರ ತೊಳೆದಂತೆ, ಇಂಜಿನ್ ಒಳಗಿನ ಕೊಳೆ ಅಲ್ಲೇ ಇರುತ್ತದೆ.

ಮುಚ್ಚಳದ ಮೇಲೂ ಒಂದು ಮಾತು. ಅದು ಬರೀ ಮುಚ್ಚಳವಲ್ಲ, ಒಳಗಿನ ಒತ್ತಡ ಹಿಡಿದಿಡುವ ವಾಲ್ವ್. ಕುಕ್ಕರ್ ವಿಷಲ್ ಇದ್ದ ಹಾಗೆ ಎನ್ನಬಹುದು. ಸಾಮಾನ್ಯವಾಗಿ 1 ಬಾರ್ ಆಸುಪಾಸಿನ ಒತ್ತಡ ಹಿಡಿಯುತ್ತದೆ. ಅಷ್ಟು ಒತ್ತಡದಲ್ಲಿ ನೀರು 100ರ ಬದಲು 120 ಡಿಗ್ರಿ ಹತ್ತಿರ ಕುದಿಯುತ್ತದೆ. ಬಿಸಿ ಇಂಜಿನ್‌ನ ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು, ಒಳಗಿನ ನೀರು ಒಂದೇ ಏಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಮುಖ, ಎದೆ, ಕೈ ಬೇಯುವುದು ಹೀಗೆಯೇ. ಬಟ್ಟೆ ಸುತ್ತಿಕೊಂಡು ತೆಗೆದರೆ ಏನೂ ಆಗಲ್ಲ ಎನ್ನುವವರ ಮಾತು ಕೇಳಬೇಡಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿಯುತ್ತದೆ. ಎಷ್ಟೋ ಸಲ ಗಾಡಿ ಹೀಟ್ ಆಗಲು ಕಾರಣ ಆ ಸಣ್ಣ ಮುಚ್ಚಳವೇ.

ಕೆಲವು ಹಳೇ ಸಣ್ಣ ಕಾರುಗಳಲ್ಲಿ ಈ ಮುಚ್ಚಳ ರೇಡಿಯೇಟರ್ ಮೇಲೆಯೇ ಇರುತ್ತದೆ, ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಬರೀ ಸಾದಾ ಮುಚ್ಚಳ. ಇನ್ನು ಅನೇಕ ಕಾರುಗಳಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲ. ತಿರುಪಿನ ಮುಚ್ಚಳವಿರುವ ಪ್ಲಾಸ್ಟಿಕ್ ಟ್ಯಾಂಕ್‌ನಲ್ಲೇ ಪೂರ್ತಿ ಒತ್ತಡ ಇರುತ್ತದೆ. ಪ್ಲಾಸ್ಟಿಕ್ ಡಬ್ಬಿ ತಾನೆ ಎಂದು ಅದನ್ನು ಬಿಸಿಯಲ್ಲಿ ತಿರುಗಿಸಿದರೂ ಅಷ್ಟೇ ಅಪಾಯ.

ಶುರು ಮಾಡುವ ಮುಂಚೆ

ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಗ್ಗೆ ಮುಟ್ಟುವುದು ಒಳ್ಳೆಯದು. ಹಗಲಲ್ಲೇ ಮಾಡುವುದಾದರೆ ಕನಿಷ್ಠ ಮೂರ್ನಾಲ್ಕು ಗಂಟೆ ಆರಲು ಬಿಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೆಳಗೆ ನುಗ್ಗಬೇಕಾಗಿ ಬಂದರೆ ಬರೀ ಜಾಕ್ ನಂಬಿಕೊಂಡು ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ. ರೇಡಿಯೇಟರ್ ಹಿಂದಿನ ಎಲೆಕ್ಟ್ರಿಕ್ ಫ್ಯಾನ್ ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಾನಾಗಿ ತಿರುಗುತ್ತದೆ. ಹಾಗಾಗಿ ಅಲ್ಲಿ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ಕನೆಕ್ಷನ್ ಬಿಚ್ಚಿಡುವುದು ಕ್ಷೇಮ.

ಸಾಮಾನು ಹೆಚ್ಚೇನಿಲ್ಲ. ಅಗಲ ಬಾಯಿಯ ಟಬ್, ಅಳತೆ ಗುರುತಿರುವ ಕ್ಯಾನ್, ಆಲಿಕೆ, ಪ್ಲೈಯರ್, ಸ್ಕ್ರೂಡ್ರೈವರ್, ರಬ್ಬರ್ ಗ್ಲೌಸ್, ಹಳೇ ಬಟ್ಟೆ. ಹೋಸ್ ಪೈಪ್ ಬಿಚ್ಚುವುದಾದರೆ ಹೊಸ ಕ್ಲಿಪ್ ಒಂದೆರಡು ತಂದಿಟ್ಟುಕೊಳ್ಳಿ, ಹಳೇದು ಬಿಚ್ಚಿದ ಮೇಲೆ ಮತ್ತೆ ಬಿಗಿ ಕೂರುವುದು ಅಷ್ಟಕ್ಕಷ್ಟೇ. ಗಾಡಿಯ ಜತೆ ಬಂದ ಓನರ್ಸ್ ಮ್ಯಾನುವಲ್ ಬೇಕೇ ಬೇಕು. ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ, ಯಾವ ಜಾತಿಯ ಕೂಲಂಟ್, ಎಷ್ಟು ಪ್ರಮಾಣ ಎಂಬುದು ಅದರಲ್ಲೇ ಇರುತ್ತದೆ. ಪುಸ್ತಕ ಕಳೆದುಕೊಂಡವರು ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಹೆಚ್ಚಿನ ಮಾಡೆಲ್‌ಗಳದ್ದು ಸಿಗುತ್ತದೆ.

ಖಾಲಿ ಮಾಡುವಾಗ ಬಣ್ಣ ನೋಡಿ

ಎಸಿ ಗುಂಡಿಯನ್ನು ಪೂರ್ತಿ ಬಿಸಿ ಕಡೆಗೆ ತಿರುಗಿಸಿಡಿ, ಹೀಟರ್ ಕಡೆಯ ನೀರೂ ಹರಿಯಲಿ ಅಂತ. ಮುಚ್ಚಳ ತೆಗೆಯಿರಿ. ರೇಡಿಯೇಟರ್ ತಳದ ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ತಿರುಪು ಇದ್ದರೆ ಅದನ್ನು ನಿಧಾನಕ್ಕೆ ಸಡಿಲಿಸಿ, ಕೆಳಗೆ ಟಬ್ ಇಡಿ. ಹಳೇ ಗಾಡಿಯಲ್ಲಿ ಈ ತಿರುಪು ಒಣಗಿ ಪುಡಿಯಾಗುವಂತಿರುತ್ತದೆ, ಬಲ ಹಾಕಿದರೆ ಮುರಿಯುತ್ತದೆ. ತಿರುಪೇ ಇಲ್ಲದ ಕಾರಿನಲ್ಲಿ ಕೆಳಗಿನ ದಪ್ಪ ಹೋಸ್ ಬಿಚ್ಚಬೇಕು. ನೀರು ರಭಸವಾಗಿ ಬರುತ್ತದೆ, ಪಕ್ಕಕ್ಕೆ ಸರಿದು ನಿಂತು ಬಿಚ್ಚಿ.

ಬಂದ ನೀರನ್ನು ಚೆಲ್ಲುವ ಮುಂಚೆ ನೋಡಬೇಕು. ಹಸಿರು, ಕೆಂಪು, ನೀಲಿ ಬಣ್ಣ ತಿಳಿಯಾಗಿ ಉಳಿದಿದ್ದರೆ ಒಳಗೆ ಪರಿಸ್ಥಿತಿ ಚೆನ್ನಾಗಿದೆ. ಇಟ್ಟಿಗೆ ಪುಡಿ ಕದಡಿದಂತೆ ಕೆಂಪು ಕಂದು ಇದ್ದರೆ ತುಕ್ಕು. ತಳದಲ್ಲಿ ಬಿಳಿ ಪುಡಿ ಕೂತರೆ ಸುಣ್ಣ. ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ಮುಚ್ಚಳದ ಒಳಭಾಗದಲ್ಲಿ ಕಾಫಿ ಬಣ್ಣದ ಬೆಣ್ಣೆಯಂಥದ್ದು ಅಂಟಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ, ಅಲ್ಲೂ ಮಜ್ಜಿಗೆ ಬೆರೆಸಿದ ಹಾಗೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ತೊಳೆದು ಸರಿ ಮಾಡುವ ಕಾಯಿಲೆ ಅಲ್ಲ, ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಬೇಕು.

ಎಷ್ಟು ಲೀಟರ್ ಹೊರಗೆ ಬಂತು ಎಂದು ಅಳೆದು ಬರೆದಿಡಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ತೊಳೆಯುವುದು

ತಿರುಪು ಮುಚ್ಚಿ, ಆರ್‌ಒ ನೀರು ತುಂಬಿಸಿ, ಬ್ಯಾಟರಿ ಜೋಡಿಸಿ, ಇಂಜಿನ್ ಶುರು ಮಾಡಿ. ಮೊದಲು ನೀರಿನ ಮಟ್ಟ ಇಳಿಯುತ್ತದೆ, ಇನ್ನಷ್ಟು ಹಾಕಿ ಮುಚ್ಚಳ ಬಿಗಿಯಿರಿ. ರೇಡಿಯೇಟರ್‌ನ ಮೇಲಿನ ಹೋಸ್ ಬಿಸಿಯಾಗುವವರೆಗೆ, ಫ್ಯಾನ್ ಒಂದು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಓಡಬೇಕು. ಆಗಲೇ ಥರ್ಮೋಸ್ಟಾಟ್ ತೆರೆದು ನೀರು ಎಲ್ಲ ಕಡೆ ಸುತ್ತಿದೆ ಎಂದರ್ಥ. ಸಣ್ಣ ಕಾರಿಗೆ ಹದಿನೈದಿಪ್ಪತ್ತು ನಿಮಿಷ ಹಿಡಿಯಬಹುದು. ಅಷ್ಟೂ ಹೊತ್ತು ಮೀಟರ್‌ನ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಆಮೇಲೆ ಆಫ್ ಮಾಡಿ, ಮತ್ತೆ ಪೂರ್ತಿ ಆರಲು ಬಿಟ್ಟು, ಖಾಲಿ ಮಾಡಿ. ಇದೇ ಕ್ರಮ ನೀರು ತಿಳಿಯಾಗಿ ಬರುವವರೆಗೆ. ಕೂಲಂಟ್ ಸರಿಯಾಗಿ ಬದಲಿಸುತ್ತಾ ಬಂದ ಗಾಡಿಗೆ ಎರಡು ಸಲ ಸಾಕು, ಬೋರ್ ನೀರು ಕುಡಿದ ಗಾಡಿಗೆ ನಾಲ್ಕೈದು ಸಲ ಬೇಕಾಗುತ್ತದೆ. ಬಿಸಿ ಇಂಜಿನ್‌ಗೆ ತಣ್ಣೀರು ಸುರಿದು ಸಮಯ ಉಳಿಸಲು ಹೋಗಬೇಡಿ. ಅಲ್ಯೂಮಿನಿಯಂ ಹೆಡ್ ಬಿರುಕು ಬಿಟ್ಟೀತು.

ಸುಣ್ಣ, ತುಕ್ಕು ಹೆಚ್ಚಿದ್ದರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ರೇಡಿಯೇಟರ್ ಫ್ಲಶ್ ಎಂಬ ಬಾಟಲಿ ಸಿಗುತ್ತದೆ. ಅಲ್ಯೂಮಿನಿಯಂಗೆ ಸುರಕ್ಷಿತ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಬಾಟಲಿಯ ಮೇಲೆ ಹೇಳಿದಷ್ಟೇ ಹೊತ್ತು ಒಳಗಿರಲಿ, ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಶುದ್ಧ ಎಂಬ ಲೆಕ್ಕ ಇಲ್ಲಿ ನಡೆಯಲ್ಲ. ಇದನ್ನು ಬಳಸಿದ ಮೇಲೆ ಬರೀ ನೀರಿನಿಂದ ಇನ್ನೆರಡು ಸಲ ತೊಳೆಯಬೇಕು. ಟಾಯ್ಲೆಟ್ ತೊಳೆಯುವ ಆಸಿಡ್, ವಾಷಿಂಗ್ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಯಾವುದೂ ಬೇಡ. ಆಸಿಡ್ ಸುಣ್ಣದ ಜತೆಗೆ ರೇಡಿಯೇಟರನ್ನೂ ತಿನ್ನುತ್ತದೆ, ಸೋಡಾ ಕೂಡ ಅಲ್ಯೂಮಿನಿಯಂಗೆ ಆಗದು, ಲಿಕ್ವಿಡ್ ನೊರೆ ಬಂದು ಪಂಪ್‌ಗೆ ಗಾಳಿ ಹೊಡೆಯುತ್ತದೆ. ಇನ್ನೊಂದು ವಿಷಯ. ತುಂಬಾ ಹಳೇ ರೇಡಿಯೇಟರ್‌ನಲ್ಲಿ ಸಣ್ಣ ತೂತನ್ನು ಸುಣ್ಣದ ಪದರವೇ ಮುಚ್ಚಿಕೊಂಡಿರುತ್ತದೆ. ತೊಳೆದ ಮೇಲೆ ಲೀಕ್ ಶುರುವಾದರೆ ಫ್ಲಶ್ ಮಾಡಿದ್ದೇ ತಪ್ಪಾಯಿತು ಎಂದು ಬೈದುಕೊಳ್ಳುವುದು ಬೇಡ, ತೂತು ಮುಂಚೆಯೇ ಇತ್ತು.

ಅರಿಶಿನದ ವಿಷಯವೂ ಇಲ್ಲೇ ಬರಬೇಕು. ಲೀಕ್ ನಿಲ್ಲಿಸಲು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವುದು ಲಾರಿ ಡ್ರೈವರ್‌ಗಳ ಹಳೇ ಉಪಾಯ. ನಡುರಾತ್ರಿ, ನಡುದಾರಿಯಲ್ಲಿ ಊರು ಸೇರಲು ಅದು ಕೆಲಸ ಮಾಡಿದ ಉದಾಹರಣೆಗಳಿವೆ, ಸುಳ್ಳಲ್ಲ. ಆದರೆ ಆ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ. ಹಾಕಿದವರು ಊರು ಸೇರಿದ ಮೇಲೆ ತೊಳೆಸಿ, ಲೀಕ್ ರಿಪೇರಿ ಮಾಡಿಸಲೇಬೇಕು.

ಥರ್ಮೋಸ್ಟಾಟ್ ಕಿತ್ತು ಹಾಕುವ ಚಾಳಿ

ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಟ್ಟರೆ ಗಾಡಿ ತಣ್ಣಗಿರುತ್ತೆ ಎಂದು ಹೇಳುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಹಳೇ ಕಾಲದ ಇಂಜಿನ್‌ಗಳಲ್ಲಿ ಹೇಗೋ ನಡೆಯುತ್ತಿತ್ತು. ಈಗಿನ ಇಂಜಿನ್ ಬೇಕಾದಷ್ಟು ಬಿಸಿಯಾಗದಿದ್ದರೆ ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಹೆಚ್ಚು ಕೊಡುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ, ಇಂಜಿನ್ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಸುತ್ತು ಹೊಡೆಯುತ್ತದೆ. ಆಗ ತಣ್ಣಗಾಗುವ ಬದಲು ಹೀಟ್ ಹೆಚ್ಚಾಗುತ್ತದೆ. ಹಾಳಾಗಿದ್ದರೆ ಹೊಸದು ಹಾಕಿಸಿ. ಅದರ ಬೆಲೆ ಇಂಜಿನ್ ಕೆಲಸದ ಮುಂದೆ ಲೆಕ್ಕಕ್ಕಿಲ್ಲ.

ಯಾವ ಕೂಲಂಟ್, ಎಷ್ಟು?

ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿ ಇಲ್ಲವಲ್ಲ, ಕೂಲಂಟ್ ಯಾಕೆ ಎಂಬ ಪ್ರಶ್ನೆ ಅಂಗಡಿಗಳಲ್ಲಿ ಸಾಮಾನ್ಯ. ಇಲ್ಲಿ ಅದು ಬೇಕಾಗಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು, ಪಂಪ್‌ನ ಸೀಲ್ ಕಾಪಾಡಲು. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣ ಸರಿಯಾದ ಮುಚ್ಚಳದ ಒತ್ತಡದಲ್ಲಿ 125 ಡಿಗ್ರಿ ದಾಟಿದ ಮೇಲೆಯೇ ಕುದಿಯುವುದು.

ಅಂಗಡಿಯಲ್ಲಿ ಬಣ್ಣ ಹೇಳಿ ಕೇಳುವುದು ರೂಢಿ. ಹಸಿರು ಕೊಡಿ, ಕೆಂಪು ಕೊಡಿ ಅಂತ. ಬಣ್ಣ ಕಂಪನಿಗಳು ಹಾಕುವ ಡೈ ಅಷ್ಟೇ, ಅದಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಒಂದೇ ಬಣ್ಣದಲ್ಲಿ ಎರಡು ಬೇರೆ ಜಾತಿ ಇರಬಹುದು. ಹಳೇ ಮಾದರಿಯ ಸಿಲಿಕೇಟ್ ಇರುವ ಕೂಲಂಟ್ ಸುಮಾರು ಎರಡು ವರ್ಷ ಬಾಳುತ್ತದೆ, ಆರ್ಗಾನಿಕ್ ಆಸಿಡ್ ತಂತ್ರಜ್ಞಾನದ ಒಎಟಿ ಮಾದರಿಯದ್ದು ಐದು ವರ್ಷದವರೆಗೂ ಬರುತ್ತದೆ. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವು ಸಲ ಒಳಗೆ ಗಂಜಿಯಂತೆ ಗಟ್ಟಿಯಾಗುತ್ತದೆ. ಮ್ಯಾನುವಲ್‌ನಲ್ಲಿ ಬರೆದ ಹೆಸರನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋದರೆ ಗೊಂದಲ ಇರಲ್ಲ. ಬಾಟಲಿ ಮೇಲೆ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಮಾನದಂಡದ ಸಂಖ್ಯೆ ಇದೆಯೇ ನೋಡಿ. ಬರೀ ಬಣ್ಣದ ನೀರು ತುಂಬಿದ ಅಗ್ಗದ ಬಾಟಲಿಗಳೂ ಮಾರುಕಟ್ಟೆಯಲ್ಲಿವೆ. ಅಂಥದ್ದನ್ನು ಮಾರುವ ಅಂಗಡಿಯವರೇ ನಾಳೆ ಗಿರಾಕಿಗೆ ಉತ್ತರ ಹೇಳಬೇಕಾಗುತ್ತದೆ.

ಬಾಟಲಿ ಎರಡು ಥರ ಬರುತ್ತದೆ. ನೀರು ಬೆರೆಸಿಯೇ ಕೊಡುವ ರೆಡಿ ಮಿಕ್ಸ್ ಒಂದು, ನಾವೇ ಬೆರೆಸಬೇಕಾದ ಕಾನ್ಸಂಟ್ರೇಟ್ ಇನ್ನೊಂದು. ಮನೆಯಲ್ಲಿ ತೊಳೆದವರು ಎಡವುವುದು ಇಲ್ಲಿ. ಎಷ್ಟೇ ಖಾಲಿ ಮಾಡಿದರೂ ಇಂಜಿನ್ ಬ್ಲಾಕ್ ಮತ್ತು ಹೀಟರ್ ಒಳಗೆ ಒಂದೆರಡು ಲೀಟರ್ ತೊಳೆದ ನೀರು ಉಳಿದೇ ಇರುತ್ತದೆ. ಉದಾಹರಣೆಗೆ ಗಾಡಿಯ ಒಟ್ಟು ಅಳತೆ 5 ಲೀಟರ್, ಹೊರಗೆ ಬಂದದ್ದು 3.2 ಲೀಟರ್ ಅಂದುಕೊಳ್ಳಿ. ಒಳಗೆ 1.8 ಲೀಟರ್ ಬರೀ ನೀರಿದೆ. ಅದರ ಮೇಲೆ ಅರ್ಧಕ್ಕರ್ಧದ ರೆಡಿ ಮಿಕ್ಸ್ 3.2 ಲೀಟರ್ ಸುರಿದರೆ ಅದರಲ್ಲಿರುವ ನಿಜವಾದ ಕೂಲಂಟ್ 1.6 ಲೀಟರ್ ಮಾತ್ರ. 5 ಲೀಟರಿಗೆ ಅದು ನೂರಕ್ಕೆ 32ರಷ್ಟಾಯಿತು, ಬೇಕಾಗಿದ್ದದ್ದು 50. ಹಾಗಾಗಿ ತೊಳೆದ ಮೇಲೆ ಕಾನ್ಸಂಟ್ರೇಟೇ ಸರಿ. ಮೊದಲು 2.5 ಲೀಟರ್ ಕಾನ್ಸಂಟ್ರೇಟ್ ಹಾಕಿ, ಆಮೇಲೆ 0.7 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿದರೆ ಲೆಕ್ಕ ಕೂಡುತ್ತದೆ. ಮ್ಯಾನುವಲ್‌ನಲ್ಲಿ ನೂರಕ್ಕೆ 30 ಸಾಕು ಎಂದಿದ್ದರೆ ಕಾನ್ಸಂಟ್ರೇಟ್ 1.5 ಲೀಟರ್, ನೀರು 1.7 ಲೀಟರ್. ಕೊನೆಯ ಸಲ ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆಯಬೇಕು ಎನ್ನುವುದೂ ಇದಕ್ಕೇ, ಒಳಗೆ ಉಳಿಯುವ ನೀರು ಅದೇ ಆಗಿರುತ್ತದೆ. ನೀರೇ ಬೆರೆಸದೆ ಕಾನ್ಸಂಟ್ರೇಟ್ ಮಾತ್ರ ತುಂಬುವುದು ಜಾಣತನವಲ್ಲ. ಬರೀ ಗ್ಲೈಕಾಲ್ ನೀರಿನಷ್ಟು ಶಾಖ ಎಳೆದುಕೊಳ್ಳುವುದಿಲ್ಲ.

ಒಳಗಿನ ಗಾಳಿ ಹೊರಗೆ ಹೋಗಲಿ

ತುಂಬಿಸುವಾಗ ನಿಧಾನಕ್ಕೆ ಸುರಿಯಿರಿ. ಗಾಳಿ ಒಳಗೆ ಸಿಕ್ಕಿಕೊಂಡರೆ ಅಲ್ಲಿಗೆ ಕೂಲಂಟ್ ತಲುಪುವುದಿಲ್ಲ, ಟ್ಯಾಂಕ್ ತುಂಬಿದ್ದರೂ ಇಂಜಿನ್ ಹೀಟ್ ಆಗುತ್ತದೆ. ಮೇಲಿನ ಹೋಸ್ ಅನ್ನು ಕೈಯಲ್ಲಿ ಹಿಸುಕಿ ಬಿಡುತ್ತಾ ಹೋದರೆ ಗುಳ್ಳೆಗಳು ಬರುತ್ತವೆ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಸಣ್ಣ ಬ್ಲೀಡ್ ಸ್ಕ್ರೂ ಇರುತ್ತದೆ, ಅದರಿಂದ ಗುಳ್ಳೆ ನಿಂತು ಕೂಲಂಟ್ ಬರುವವರೆಗೆ ತೆರೆದಿಡಬೇಕು. ಮುಚ್ಚಳ ಹಾಕಿ, ಹೀಟರ್ ಬಿಸಿಯಲ್ಲಿಟ್ಟು, ಫ್ಯಾನ್ ತಿರುಗುವವರೆಗೆ ಇಂಜಿನ್ ಓಡಿಸಿ. ಒಳಗಿನ ವೆಂಟ್‌ನಿಂದ ಬಿಸಿ ಗಾಳಿ ಸರಿಯಾಗಿ ಬಂದರೆ ಕೂಲಂಟ್ ಅಲ್ಲಿಯವರೆಗೂ ಹೋಗಿದೆ. ತಣ್ಣನೆ ಗಾಳಿಯೇ ಬರುತ್ತಿದ್ದರೆ ಗಾಳಿ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. ಮರುದಿನ ಬೆಳಗ್ಗೆ, ಮತ್ತೆ ಎರಡು ಮೂರು ದಿನ, ತಣ್ಣಗಿರುವಾಗ ಮಟ್ಟ ನೋಡಿ ಕಡಿಮೆಯಾದಷ್ಟು ಹಾಕಿ.

ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಯವರು ಇನ್ನೊಂದು ಜಾಗ ನೋಡಬೇಕು. ಗ್ಯಾಸ್ ರೆಡ್ಯೂಸರ್ ಬಿಸಿಯಾಗಿರಲು ಕೂಲಂಟ್ ಪೈಪಿನಿಂದಲೇ ಕವಲು ತೆಗೆದಿರುತ್ತಾರೆ. ಆ ಸಣ್ಣ ಪೈಪುಗಳ ಜೋಡಣೆಯಲ್ಲಿ ಲೀಕ್ ಆಗುವುದು, ಗಾಳಿ ನಿಲ್ಲುವುದು ಜಾಸ್ತಿ.

ಹೊರಗಿನ ಕಸವೂ ಕಾರಣ

ಒಳಗೆ ಕನ್ನಡಿಯಂತೆ ತೊಳೆದರೂ ಹೊರಗಿನ ರೆಕ್ಕೆಗಳ ನಡುವೆ ಹುಳ, ಧೂಳು, ಹೊಟ್ಟು ತುಂಬಿದ್ದರೆ ಗಾಳಿ ಹಾಯುವುದಿಲ್ಲ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುವ ಕಡೆ ಗಾಡಿ ಓಡಿಸಿದರೆ ಹುಲ್ಲು, ಹೊಟ್ಟು ಬಂಪರ್ ಸಂದಿಯಿಂದ ಒಳಗೆ ಹೋಗಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂರುತ್ತದೆ. ಬಿಸಿ ಸೈಲೆನ್ಸರ್ ಹತ್ತಿರ ಹುಲ್ಲು ಸುತ್ತಿಕೊಂಡರೆ ಬೆಂಕಿಯ ಭಯವೂ ಉಂಟು. ಮೆತ್ತನೆ ಬ್ರಷ್‌ನಿಂದ ಕಸ ತೆಗೆದು, ಇಂಜಿನ್ ಕಡೆಯಿಂದ ಹೊರಮುಖವಾಗಿ ಸಾದಾ ಪೈಪಿನ ನೀರು ಬಿಡಿ. ಸರ್ವಿಸ್ ಸ್ಟೇಷನ್‌ನ ಜೋರು ನೀರು ಹತ್ತಿರದಿಂದ ಹೊಡೆದರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ದಾರಿಯಲ್ಲಿ ಹೀಟ್ ಆದರೆ

ಅನೇಕ ಹೊಸ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಹೆಚ್ಚಾದರೆ ಕೆಂಪು ದೀಪ ಅಷ್ಟೇ. ಕೆಂಪು ಬಂದ ಮೇಲೆ ಮುಂದಿನ ಊರಿಗೆ ಹೋಗೋಣ ಎನ್ನುವ ನಾಲ್ಕೈದು ಕಿಲೋಮೀಟರ್‌ನಲ್ಲೇ ಹೆಡ್ ಬಾಗುವುದು, ಗ್ಯಾಸ್ಕೆಟ್ ಸುಡುವುದು. ಕೆಲವು ನೂರು ರೂಪಾಯಿಯ ಕೂಲಂಟ್‌ನಲ್ಲಿ ಮುಗಿಯುತ್ತಿದ್ದದ್ದು ಹತ್ತಾರು ಸಾವಿರಕ್ಕೆ ಹೋಗುತ್ತದೆ, ಗೂಡ್ಸ್ ಗಾಡಿ ನಂಬಿದ ಅಂಗಡಿಯವರಿಗೆ ವಾರಗಟ್ಟಲೆ ವ್ಯಾಪಾರವೂ ಹೋಯಿತು. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಬಾನೆಟ್ ಎತ್ತಿ ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಮುಟ್ಟಿ, ಗಟ್ಟಿಯಾಗಿ ಉಬ್ಬಿದ್ದರೆ ಒತ್ತಡ ಇನ್ನೂ ಇದೆ. ಬೇರೆ ದಾರಿ ಇಲ್ಲದಿದ್ದರೆ ಸಿಕ್ಕ ನೀರು ಹಾಕಿ ಊರು ಸೇರಿ, ಅದು ತಪ್ಪೇನಲ್ಲ. ಅದನ್ನು ಒಳಗೇ ಬಿಟ್ಟು ಮರೆಯುವುದು ತಪ್ಪು. ವಾರದೊಳಗೆ ಖಾಲಿ ಮಾಡಿ ತೊಳೆದುಬಿಡಿ.

ಹೊರಗೆಲ್ಲೂ ಲೀಕ್ ಕಾಣದೆ ಪದೇ ಪದೇ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಸೈಲೆನ್ಸರ್‌ನಿಂದ ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಅದು ಮನೆಯ ಕೆಲಸ ಅಲ್ಲ. ವಾರಂಟಿ ಇರುವ ಗಾಡಿ, ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕೂಲಂಟನ್ನೂ ಮನೆಯಲ್ಲಿ ಮುಟ್ಟಬಾರದು.

ಹಳೇ ಕೂಲಂಟ್ ಚರಂಡಿಗೆ ಬೇಡ

ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ದನಕರು ಕುಡಿಯುತ್ತವೆ, ಬಣ್ಣ ನೋಡಿ ಶರಬತ್ತು ಎಂದು ಮಕ್ಕಳೂ ಬಾಯಿಗೆ ಹಾಕಬಹುದು. ದೇಹಕ್ಕೆ ಸೇರಿದ ಮೇಲೆ ಅದು ಆಕ್ಸಲೇಟ್ ಹರಳಾಗಿ ಮೂತ್ರಪಿಂಡ ಕೆಡಿಸುತ್ತದೆ. ಮೊದಲ ಕೆಲವು ಗಂಟೆ ಅಮಲೇರಿದಂತೆ ತೂರಾಡುವುದು ಬಿಟ್ಟರೆ ಹೆಚ್ಚೇನೂ ಕಾಣಿಸದೆ ಇರಬಹುದು. ಸರಿಹೋಗುತ್ತೆ ಎಂದು ಕಾಯಬಾರದು. ಮಗುವಾದರೆ ನೇರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ, ಪ್ರಾಣಿಯಾದರೆ ಪಶು ವೈದ್ಯರ ಹತ್ತಿರ, ಕೂಲಂಟ್ ಬಾಟಲಿಯನ್ನೂ ಜತೆಗೆ ತೆಗೆದುಕೊಂಡು ಹೋಗಿ.

ಟಬ್‌ನಲ್ಲಿ ಹಿಡಿದ ಹಳೇ ಕೂಲಂಟ್, ಮೊದಲ ತೊಳೆತದ ನೀರು ಎರಡನ್ನೂ ಬಿಗಿ ಮುಚ್ಚಳದ ಕ್ಯಾನ್‌ಗೆ ತುಂಬಿಸಿ. ತಂಪು ಪಾನೀಯದ ಬಾಟಲಿ ಮಾತ್ರ ಬಳಸಬೇಡಿ. ಕ್ಯಾನ್ ಮೇಲೆ ವಿಷ ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಳೇ ಇಂಜಿನ್ ಆಯಿಲ್ ಜತೆ ಬೆರೆಸದೆ ಬೇರೆಯಾಗಿಟ್ಟು, ತ್ಯಾಜ್ಯ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ. ಅಂಗಳದಲ್ಲಿ ಚೆಲ್ಲಿದ್ದರೆ ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಅದನ್ನು ಬಾಚಿ ತೆಗೆದ ಮೇಲೆ ನೆಲಕ್ಕೆ ನೀರು ಹಾಕಿ ತೊಳೆಯಿರಿ. ಅಲ್ಲಿಯವರೆಗೆ ನಾಯಿಯನ್ನು ಕಟ್ಟಿಹಾಕಿರಿ.

ಎಲ್ಲ ಮುಗಿದ ಮೇಲೆ ತಾರೀಖು, ಕಿಲೋಮೀಟರ್, ಕೂಲಂಟ್‌ನ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ. ಮುಂದಿನ ಸಲ ಟಾಪ್ ಅಪ್ ಮಾಡುವವರು ಮೆಕ್ಯಾನಿಕ್ ಆಗಿರಲಿ, ಮನೆಯ ಹುಡುಗನೇ ಆಗಿರಲಿ, ಯಾವುದು ಹಾಕಬೇಕೆಂದು ಕೇಳುವ ಅಗತ್ಯ ಬೀಳುವುದಿಲ್ಲ. ಉಳಿದ ಕೂಲಂಟ್‌ಗೆ ಅದೇ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ಒಂದು ಲೀಟರಿನ ಕ್ಯಾನ್‌ನಲ್ಲಿ ಡಿಕ್ಕಿಯಲ್ಲಿಟ್ಟುಕೊಂಡರೆ ದಾರಿಯಲ್ಲಿ ತೋಟದ ತೊಟ್ಟಿ ಹುಡುಕುವುದು ತಪ್ಪುತ್ತದೆ.